ಬಣ್ಣದ ಹಿಂದಿನ ಕಲ್ಲು

— ಫೋನ್ ಇತ್ತ ಕೊಡು ತಂಗಿ, ಆ ಚಿತ್ರ ಇನ್ನೊಮ್ಮೆ ನೋಡುತ್ತೇನೆ. ನೀಲಿ ಚಾವಣಿಯದ್ದಲ್ಲ, ಅದಕ್ಕೂ ಮುಂಚಿನದು.

— ಇದಾ ಕಾಕಾ? ಇದು ಬರೀ ಕಂಬ. ಬೆಳಕು ಕಡಿಮೆ ಇತ್ತು, ಸರಿಯಾಗಿ ಬಂದಿಲ್ಲ. ಮನೆಗೆ ಬಂದವರೆಲ್ಲ ಚಾವಣಿಯನ್ನೇ ನೋಡುತ್ತಿದ್ದಾರೆ. ಕಡುನೀಲಿ ಆಕಾಶ, ಅದರಲ್ಲಿ ಹಳದಿ ಬಣ್ಣದ ನಕ್ಷತ್ರದೇವತೆಗಳು.

— ಚಾವಣಿ ಚೆಂದವಿದೆ. ಆದರೆ ಅದನ್ನು ಹೊತ್ತಿರುವುದು ಈ ಕಂಬ. ಬುಡದಿಂದ ಮೇಲಕ್ಕೆ ಎದ್ದಿರುವ ಈ ಸೀಳು ನೋಡು. ಅಂಚಿನಲ್ಲಿ ಚಕ್ಕೆ ಬಿಟ್ಟಿದೆ. ಹಟ್ಟಿ ಗಣಿಯಲ್ಲಿ ಇಂಥದ್ದು ಕಂಡರೆ ಆ ಪಾಳಿಯ ಜನರನ್ನು ಮೊದಲು ಹೊರಗೆ ಕಳಿಸಿ, ಆಮೇಲೆ ಯೋಚನೆ ಮಾಡುತ್ತಿದ್ದೆವು. ಇದು ಯಾರ ಸಮಾಧಿ ಅಂದೆ?

— ಒಂದನೇ ಸೇಟಿಯದು. ಈಜಿಪ್ಟ್‌ನ ಲಕ್ಸರ್ ಹತ್ತಿರದ ರಾಜರ ಕಣಿವೆಯ ಲೆಕ್ಕದಲ್ಲಿ ಕೆ.ವಿ. 17. ಎರಡನೇ ರಾಮ್ಸೆಸ್‌ನ ಅಪ್ಪ. 1817ರ ಅಕ್ಟೋಬರಿನಲ್ಲಿ ಬೆಲ್ಜೋನಿ ಎಂಬ ಇಟಲಿಯವನು ಇದನ್ನು ಪತ್ತೆ ಮಾಡಿದ. ಟಿಕೆಟ್ ದುಬಾರಿ, ಅದಕ್ಕೇ ಜನ ಕಡಿಮೆ. ನಾನು ಒಳಗಿದ್ದಷ್ಟು ಹೊತ್ತು ಇನ್ನಿಬ್ಬರೇ ಇದ್ದರು. ಕಾಕಾ, ಒಂದು ಕೇಳಲಾ? ಮೂರು ಸಾವಿರ ವರ್ಷಕ್ಕೂ ಹೆಚ್ಚು ನಿಂತ ಕಂಬ ಇದು. ಇಷ್ಟು ವರ್ಷ ನಿಂತದ್ದು ಇನ್ನು ಮೇಲೂ ನಿಲ್ಲುತ್ತದೆ ಅಂದುಕೊಳ್ಳುವುದು ತಪ್ಪೇ?

— ತಪ್ಪು. ಎಲ್ಲರೂ ಮಾಡುವ ತಪ್ಪು. ಮೂರು ಸಾವಿರ ವರ್ಷ ನಿಂತದ್ದು ಆ ಮೂರು ಸಾವಿರ ವರ್ಷದ ಪರಿಸ್ಥಿತಿಯಲ್ಲಿ. ಬಾಯಿ ಮುಚ್ಚಿತ್ತು, ಒಳಗೆ ಗಾಳಿ ಅಲುಗಾಡುತ್ತಿರಲಿಲ್ಲ, ಕಲ್ಲಿನೊಳಗಿನ ತೇವ ಎಷ್ಟಿತ್ತೋ ಅಷ್ಟೇ ಇತ್ತು. ಬಾಗಿಲು ತೆರೆದ ದಿನದಿಂದ ಹೊಸ ಲೆಕ್ಕ. ಈ ಇನ್ನೂರು ವರ್ಷವನ್ನು ಆ ಮೂರು ಸಾವಿರಕ್ಕೆ ಸೇರಿಸಿ ಎಣಿಸಬಾರದು. ಅಲ್ಲಿ ಕಲ್ಲು ಯಾವುದು?

— ಸುಣ್ಣಕಲ್ಲು. ಲಕ್ಸರ್‌ನ ಹಳೆಯ ಹೆಸರು ಥೀಬ್ಸ್, ಅದಕ್ಕೇ ಇದನ್ನು ಥೀಬ್ಸ್ ಸುಣ್ಣಕಲ್ಲು ಅನ್ನುತ್ತಾರೆ. ಐದು ಕೋಟಿ ವರ್ಷದ ಹಿಂದಿನ ಕಡಲತಳವಂತೆ. ನಡುನಡುವೆ ಚಕಮಕಿ ಕಲ್ಲಿನ ಗಂಟುಗಳು. ಕೆತ್ತುವವರ ಉಳಿಗೆ ಅವು ಅಡ್ಡ ಬಂದದ್ದು ಗೋಡೆಗಳಲ್ಲಿ ಕಾಣುತ್ತದೆ.

— ಸುಣ್ಣಕಲ್ಲು ಒಳ್ಳೆಯದು. ಉಳಿಗೆ ಮೆತ್ತಗೆ ಬಿಟ್ಟುಕೊಡುತ್ತದೆ, ಆದರೂ ಹೊರೆ ಹೊರುತ್ತದೆ. ಅದರ ಕೆಳಗೆ?

— ಎಸ್ನಾ ಶೇಲ್. ಜೇಡಿಶಿಲೆ.

— ಹಾಂ. ಅದನ್ನೇ ಕಾಯುತ್ತಿದ್ದೆ. ಆ ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಜಾತಿಯ ಮಣ್ಣು ಇರುತ್ತದೆ. ಹೆಸರು ಉದ್ದ, ಆದರೆ ನಿನಗೆ ಹೊಸದಲ್ಲ. ನಮ್ಮ ಹೊಲದ ಎರೆಮಣ್ಣಿನಲ್ಲಿ ಇರುವುದೂ ಅದೇ. ಮೇ ತಿಂಗಳಲ್ಲಿ ಹೊಲದಲ್ಲಿ ನಡೆದಾಡುವಾಗ ಬಿರುಕಿನಲ್ಲಿ ಕಾಲು ಸಿಕ್ಕಿ ನೀನು ಬಿದ್ದಿದ್ದೆ, ನೆನಪಿದೆಯೋ? ಮೊಣಕಾಲುದ್ದ ಬಿರುಕು. ಎರಡು ಹದ ಮಳೆ ಬಿದ್ದರೆ ಅದೇ ನೆಲ ಉಬ್ಬಿ ಕೂಡಿಕೊಳ್ಳುತ್ತದೆ, ಬಿರುಕಿದ್ದ ಗುರುತೇ ಇರುವುದಿಲ್ಲ. ಆ ಮಣ್ಣಿನ ಕಣ ಹಾಳೆಹಾಳೆಯಾಗಿರುತ್ತದೆ. ಹಾಳೆಗಳ ನಡುವೆ ನೀರು ಹೊಕ್ಕರೆ ದಪ್ಪವಾಗುತ್ತದೆ, ನೀರು ಹೋದರೆ ಕುಗ್ಗುತ್ತದೆ. ಅದಕ್ಕೇ ನಮ್ಮ ಕಡೆ ಮನೆ ಕಟ್ಟುವವರು ಗರಸು ಹತ್ತುವವರೆಗೂ ಪಾಯ ತೋಡುತ್ತಾರೆ. ಎರೆಯ ಮೇಲೆ ಗೋಡೆ ಕೂರಿಸಿದರೆ ಏನಾಗುತ್ತದೆ ಅಂತ ನಮ್ಮ ಪಡಸಾಲೆಯ ಮೂಲೆಯೇ ಹೇಳುತ್ತದೆ.

— ಅಜ್ಜ ಕಟ್ಟಿಸಿದ ಆ ಹೊಸ ಭಾಗ.

— ಅದೇ. ಪಾಯ ಆಳಕ್ಕೆ ಹೋಗಲಿಲ್ಲ. ಈಗ ಲಕ್ಸರ್‌ಗೆ ಬಾ. ಕೆತ್ತುವವರು ಸುಣ್ಣಕಲ್ಲಿನಲ್ಲಿ ಇಳಿಯುತ್ತ ಇಳಿಯುತ್ತ ಹೋದರು. ರಾಜನ ಸಮಾಧಿ ಆಳಕ್ಕೆ ಹೋಗಬೇಕು ಎಂಬುದು ಅವರ ಆಸೆ. ಎಲ್ಲಿ ಜೇಡಿಶಿಲೆ ಮುಟ್ಟಿದರೋ ಅಲ್ಲಿ ಕೋಣೆಯ ನೆಲ, ಕೆಲವೊಮ್ಮೆ ಗೋಡೆಯ ಕೆಳಭಾಗವೂ, ಎರೆಯ ಮೇಲೆ ಕೂತ ಹಾಗೆ. ಒಮ್ಮೆ ನೀರು ಹೋದರೆ ನೆಲ ಉಬ್ಬಿ ಮೇಲಕ್ಕೆ ತಳ್ಳುತ್ತದೆ. ಕಂಬದ ನೆತ್ತಿಯ ಮೇಲೆ ಬೆಟ್ಟ ಕೂತಿದೆ, ಬುಡದಲ್ಲಿ ಮಣ್ಣು ಎತ್ತುತ್ತಿದೆ. ಕಂಬ ಎಲ್ಲಿಗೆ ಹೋಗಬೇಕು? ಸೀಳುತ್ತದೆ. 1981ರಲ್ಲೇ ಗಾರ್ನಿಸ್ ಕರ್ಟಿಸ್, ಜಾನ್ ರುದರ್‌ಫರ್ಡ್ ಎಂಬಿಬ್ಬರು ಉಬ್ಬುವ ಜೇಡಿಶಿಲೆಯಿಂದ ಥೀಬ್ಸ್‌ನ ರಾಜಸಮಾಧಿಗಳಿಗೆ ಆಗುತ್ತಿರುವ ಹಾನಿಯ ಬಗ್ಗೆ ಬರೆದಿದ್ದರು. ನಾನು ನೌಕರಿಯಲ್ಲಿದ್ದಾಗ ಓದಿದ್ದು. ಎರೆಮಣ್ಣಿನ ಊರಿನವನಿಗೆ ಅದು ಸ್ವಂತ ಮನೆಯ ಸುದ್ದಿಯಂತೆ ಕಂಡಿತ್ತು.

— ಆದರೆ ಲಕ್ಸರ್‌ನಲ್ಲಿ ಮಳೆಯೇ ಇಲ್ಲವಲ್ಲ! ಟ್ಯಾಕ್ಸಿಯವನು ಮಳೆ ನೋಡಿ ವರ್ಷಗಳಾದವು ಅಂದ.

— ಮಳೆ ಇಲ್ಲದ ಊರಿನ ಮಳೆಯೇ ಹೆಚ್ಚು ಅಪಾಯ. ಮಣ್ಣು ಹಿಡಿದುಕೊಳ್ಳುವ ಹುಲ್ಲಿಲ್ಲ, ಮರವಿಲ್ಲ. ಬೋಳು ಬೆಟ್ಟದ ಮೇಲೆ ಒಂದು ಗಂಟೆ ಬಿದ್ದದ್ದೆಲ್ಲ ಹಾಗೆಯೇ ಕಣಿವೆಗೆ ಇಳಿಯುತ್ತದೆ, ಕಲ್ಲು ಮಣ್ಣು ಹೊತ್ತುಕೊಂಡು. 1994ರಲ್ಲಿ ಹಾಗಾಯಿತು. ಕಣಿವೆಯ ಕೆಲವು ಸಮಾಧಿಗಳೊಳಗೆ ನೀರು ಹೋಯಿತು. ಈಗ ಬಾಗಿಲುಗಳ ಸುತ್ತ ಅಡ್ಡಗೋಡೆ ಎತ್ತರಿಸಿರುವುದನ್ನು ನೀನು ನೋಡಿರಬೇಕು.

— ನೋಡಿದೆ. ಅಲ್ಲಿ ಕೂತು ನೀರು ಕುಡಿದೆ, ಅದು ಪ್ರವಾಹದ ಗೋಡೆ ಅಂತ ಗೊತ್ತಿರಲಿಲ್ಲ. ಎರಡನೇ ರಾಮ್ಸೆಸ್‌ನ ಸಮಾಧಿಗೆ ಪ್ರವೇಶವಿರಲಿಲ್ಲ. ಪ್ರಾಚೀನ ಕಾಲದಿಂದಲೂ ಅದಕ್ಕೆ ಮತ್ತೆ ಮತ್ತೆ ನೀರು ನುಗ್ಗಿದೆಯಂತೆ. ಅಪ್ಪನ ಸಮಾಧಿ ಇಷ್ಟು ಉಳಿದು, ಅಷ್ಟು ದೊಡ್ಡ ರಾಜನಾದ ಮಗನದು ಹಾಗೆ ಹಾಳಾಗಬೇಕೇ ಅನಿಸಿತು.

— ರಾಮ್ಸೆಸ್‌ನದು ಕಣಿವೆಯ ತಗ್ಗಿನಲ್ಲಿದೆ, ಮತ್ತು ಒಳಗಿನ ಕೋಣೆಗಳು ಜೇಡಿಶಿಲೆಗೆ ಇಳಿದಿವೆ. ಎರಡೂ ಒಟ್ಟಿಗೆ ಬಂದರೆ ಉಳಿಯುವುದು ಕಷ್ಟ. ಹೂತ ಕೋಣೆಯಲ್ಲಿ ಎಂಟು ಕಂಬ ಬಿಟ್ಟು ಕೆತ್ತಿದ್ದರು. ನೆರೆ ಬಂದು ಹೋದ ಮೇಲೆ ಅವುಗಳ ಗತಿ ಚಿತ್ರಗಳಲ್ಲಿ ನೋಡಿದ್ದೇನೆ. ಮನಸ್ಸಿಗೆ ಬಹಳ ನೋವಾಯಿತು ತಂಗಿ. ಅಷ್ಟು ಕೆಲಸ, ಅಷ್ಟು ಕೈಗಳು.

— ಸೇಟಿಯ ಸಮಾಧಿಯಲ್ಲಿ ಅರ್ಧ ದಾರಿಯಲ್ಲಿ ಒಂದು ಆಳವಾದ ಗುಂಡಿ ಇದೆ. ಬಾವಿಯ ಹಾಗೆ. ಕಳ್ಳರನ್ನು ತಡೆಯಲು ಅಂತ ಒಬ್ಬರು, ಧಾರ್ಮಿಕ ಕಾರಣ ಅಂತ ಇನ್ನೊಬ್ಬರು ಹೇಳಿದರು.

— ಯಾವ ಕಾರಣಕ್ಕೆ ತೋಡಿದರೋ, ಕೆಲಸ ಮಾಡಿದ್ದು ಮಾತ್ರ ನೀರು ಹಿಡಿಯುವ ಕೆಲಸ. ಬಾಗಿಲಿನಿಂದ ಬಂದ ನೀರು ಅಲ್ಲಿ ನಿಲ್ಲುತ್ತದೆ, ಒಳಗಿನ ಕೋಣೆ ಒಣಗಿರುತ್ತದೆ. ಬೆಲ್ಜೋನಿಯ ಕಾಲದಲ್ಲಿ ಓಡಾಟಕ್ಕೆ ಅಡ್ಡಿ ಅಂತ ಅದನ್ನು ತುಂಬಿಬಿಟ್ಟರು. ಬಳಿಕ ಮಳೆ ಬಂತು, ನೀರು ಸೀದಾ ಒಳಕ್ಕೆ ಹೋಯಿತು. ಒಂದು ಗುಂಡಿ ಮುಚ್ಚುವ ಮೊದಲು ಇದು ಇಲ್ಲಿ ಯಾಕಿದೆ ಎಂದು ಯಾರೂ ಕೇಳಲಿಲ್ಲ. ಕಟ್ಟಿದವರಿಗೆ ನಮಗಿಂತ ಕಡಿಮೆ ಗೊತ್ತಿತ್ತು ಎಂದುಕೊಂಡು ಕೆಲಸ ಶುರುಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

— ಕಟ್ಟಿದವರಿಗೆ ಕಲ್ಲಿನ ಗುಣ ಗೊತ್ತಿತ್ತು ಅನ್ನಲು ಇನ್ನೊಂದು ಸಾಕ್ಷಿ ನನ್ನ ಹತ್ತಿರ ಇದೆ. ಹ್ಯಾಟ್‌ಶೆಪ್ಸುಟ್ ರಾಣಿಯ ಸಮಾಧಿ, ಕೆ.ವಿ. 20. ಇನ್ನೂರು ಮೀಟರಿಗಿಂತ ಉದ್ದ, ಸುತ್ತಿಕೊಂಡು ಇಳಿಯುತ್ತದೆ. ಕೆಳಗೆ ಹೋದಂತೆ ಕಲ್ಲು ಕೆಟ್ಟಿತು, ಗೋಡೆಯ ಮೇಲೆ ಚಿತ್ರ ಬರೆಯಲು ಆಗಲಿಲ್ಲ. ಆಗ ಒಳ್ಳೆಯ ಸುಣ್ಣಕಲ್ಲಿನ ಚಪ್ಪಡಿಗಳನ್ನು ಹೊರಗಿನಿಂದ ಒಳಗೆ ತಂದರು. ಅವುಗಳ ಮೇಲೆ ಕೆಂಪು, ಕಪ್ಪು ಶಾಯಿಯಲ್ಲಿ ಪಾತಾಳದ ಪಯಣ ಬರೆದರು. ಹೋವರ್ಡ್ ಕಾರ್ಟರ್ 1903ರ ಹೊತ್ತಿಗೆ ಅದನ್ನು ತೆರವು ಮಾಡುವಾಗ ಆ ಚಪ್ಪಡಿಗಳು ಸಿಕ್ಕವು.

— ನೋಡು, ಎಂಥ ಮಾತು ಹೇಳಿದೆ! ಗೋಡೆಯನ್ನು ನಂಬಲಿಲ್ಲ, ಅದಕ್ಕೇ ನಂಬುವಂಥ ಕಲ್ಲನ್ನು ಹೊತ್ತು ತಂದರು. ಆ ಕತ್ತಲ ಇಳಿಜಾರಿನಲ್ಲಿ, ಆ ಧೂಳಿನಲ್ಲಿ. ಅವರ ಪೈಕಿ ಒಬ್ಬ ಹಿರಿಯ ಗೋಡೆಗೆ ಕೈಯಿಟ್ಟು, ಬೇಡ, ಇದು ನಿಲ್ಲುವುದಿಲ್ಲ ಅಂದಿರಬೇಕು. ಅವನೇ ನಮ್ಮ ವೃತ್ತಿಯ ಮೂಲಪುರುಷ ಅಂತ ನಾನು ತಿಳಿಯುತ್ತೇನೆ.

— ಈಗ ನೀವು ಸೇಟಿಯ ಸಮಾಧಿಯ ಸ್ಥಿರತೆ ಅಳೆಯಬೇಕು ಎಂದಿಟ್ಟುಕೊಳ್ಳಿ. ಎಲ್ಲಿಂದ ಶುರು ಮಾಡುತ್ತೀರಿ? ಡಿಸರ್ಟೇಶನ್ ಬರೆಯಬೇಕಾದವಳು ನಾನು, ಸರಿಯಾಗಿ ಹೇಳಬೇಕು.

— ಮೊದಲು ಕಣ್ಣು, ಆಮೇಲೆ ಕಿವಿ. ಹಟ್ಟಿಯಲ್ಲಿ ಪಾಳಿ ಶುರುವಾಗುವ ಮುಂಚೆ ಕಬ್ಬಿಣದ ಬಾರಿನಿಂದ ಸೂರು ಬಡಿದು ನೋಡುತ್ತಿದ್ದೆವು. ಗಟ್ಟಿ ಕಲ್ಲು ಗಂಟೆಯ ಹಾಗೆ ಕಣ್ ಎನ್ನುತ್ತದೆ. ಬಿಟ್ಟುಕೊಂಡ ಕಲ್ಲು ಖಾಲಿ ಡಬ್ಬಿಯ ಹಾಗೆ ಡಬ್ ಎನ್ನುತ್ತದೆ. ಚಿತ್ರ ಬರೆದ ಗೋಡೆಗೆ ಬಾರು ಹಾಕಲಾಗದು. ಅಲ್ಲಿ ಗಾರೆಯ ಮೇಲೆ ಬೆರಳ ತುದಿಯಿಂದ ತಟ್ಟಿ ಕೇಳುತ್ತಾರೆ, ಕೇಳಿದ್ದನ್ನು ನಕ್ಷೆಯ ಮೇಲೆ ಗುರುತು ಹಾಕುತ್ತಾರೆ. ಅದರ ಜೊತೆಗೇ ಒಂದೊಂದು ಬಿರುಕನ್ನೂ ಬರೆದುಕೊಳ್ಳಬೇಕು. ಯಾವ ದಿಕ್ಕಿಗೆ ಓಡುತ್ತದೆ, ಎಷ್ಟು ಅಗಲ, ಒಳಗೆ ಧೂಳು ತುಂಬಿದೆಯೋ ಇಲ್ಲವೋ. ಧೂಳು ತುಂಬಿದ್ದರೆ ಹಳೆಯದು. ಅಂಚು ಬೆಳ್ಳಗೆ ಹೊಸದಾಗಿದ್ದರೆ ಈಚಿನದು. ಬೆಟ್ಟದ ಹುಟ್ಟು ಸೀಳುಗಳು ಒಂದೇ ದಿಕ್ಕಿನಲ್ಲಿ ಸಾಲಾಗಿ ಹೋಗುತ್ತವೆ, ಕೋಣೆ ದಾಟಿ ಪಕ್ಕದ ಕೋಣೆಯಲ್ಲೂ ಕಾಣುತ್ತವೆ. ಹೊರೆಯಿಂದ ಆದದ್ದು ಕಂಬದಲ್ಲೇ ಹುಟ್ಟಿ ಕಂಬದಲ್ಲೇ ನಿಲ್ಲುತ್ತದೆ. ಇವೆರಡನ್ನೂ ಬೇರೆ ಮಾಡದೆ ಮುಂದೆ ಹೋಗಬಾರದು.

— ಹೊರೆ ಎಷ್ಟು ಅಂತ ತಿಳಿಯುವುದು ಹೇಗೆ?

— ಕಾಗದ ತೆಗೆ. ಅಂದಾಜಿಗೆ ಕೋಣೆಯ ಮೇಲೆ 40 ಮೀಟರ್ ಕಲ್ಲಿದೆ ಎಂದಿಟ್ಟುಕೋ. ಒಂದು ಘನ ಮೀಟರ್ ಸುಣ್ಣಕಲ್ಲು 2.4 ಟನ್. ಪ್ರತಿ ಚದರ ಮೀಟರಿನ ಮೇಲೆ 96 ಟನ್ ಆಯಿತು. ಕಂಬ ಒಂದು ಮೀಟರ್ ಚೌಕದ್ದು, ಅದರ ಪಾಲಿಗೆ ಬರುವ ಚಾವಣಿ ಮೂರು ಮೀಟರ್ ಚೌಕ, ಅಂದರೆ 9 ಚದರ ಮೀಟರ್. ಗುಣಿಸು.

— 864 ಟನ್.

— ಒಂದು ಚದರ ಮೀಟರ್ ಕಂಬದ ಮೇಲೆ 864 ಟನ್. ಇದು ಗರಿಷ್ಠ ಲೆಕ್ಕ. ನಿಜದಲ್ಲಿ ಕಲ್ಲು ತನ್ನಷ್ಟಕ್ಕೇ ಕಮಾನಿನ ಹಾಗೆ ಸ್ವಲ್ಪ ಹೊರೆಯನ್ನು ಅಕ್ಕಪಕ್ಕದ ಗೋಡೆಗೆ ದಾಟಿಸುತ್ತದೆ. ಒಳ್ಳೆಯ ಒಣ ಸುಣ್ಣಕಲ್ಲು ಇಷ್ಟನ್ನು ತಡೆದುಕೊಳ್ಳುತ್ತದೆ. ಆದರೆ ಅದೇ ಕಲ್ಲು ನೆನೆದರೆ ಬಲ ಇಳಿಯುತ್ತದೆ. ಅಂಚಿನಿಂದ ಒಂದು ಗೇಣು ಚಕ್ಕೆ ಉದುರಿದರೆ ಹೊರುವ ಜಾಗ ಕಡಿಮೆಯಾಗಿ, ಉಳಿದ ಭಾಗದ ಮೇಲೆ ಹೊರೆ ಏರುತ್ತದೆ. ಅದು ಇನ್ನಷ್ಟು ಉದುರುತ್ತದೆ. ಒಂದು ಕಂಬ ಕೈಬಿಟ್ಟರೆ ಅದರ ಪಾಲು ನೆರೆಯ ಕಂಬಕ್ಕೆ ಹೋಗುತ್ತದೆ. ಅದಕ್ಕೇ ನಾನು ಚಾವಣಿ ಬಿಟ್ಟು ಕಂಬದ ಬುಡ ನೋಡಿದ್ದು.

— ಹಾಗಾದರೆ ಕಲ್ಲಿನ ತುಂಡು ತೆಗೆದು ಪ್ರಯೋಗಾಲಯಕ್ಕೆ ಕಳಿಸಬೇಕಲ್ಲ. ಕಂಬದಿಂದ ತೆಗೆಯಲು ಯಾರು ಬಿಡುತ್ತಾರೆ?

— ಬಿಡಬಾರದು ಕೂಡ. ಅದೇ ಪದರ ಕಣಿವೆಯಲ್ಲಿ ಹೊರಗೆ ಎಲ್ಲಿ ಕಾಣುತ್ತದೋ ಅಲ್ಲಿಂದ ತೆಗೆಯಬೇಕು. ಇಲ್ಲವೇ ನೆಲದ ಮೇಲೆ ಮೊದಲೇ ಬಿದ್ದಿರುವ, ಬಣ್ಣವಿಲ್ಲದ ತುಂಡು ಆರಿಸಬೇಕು. ಒಣಗಿಸಿ ಒಂದನ್ನು ಜಜ್ಜಿ ನೋಡು, ನೆನೆಸಿ ಇನ್ನೊಂದನ್ನು. ಜೇಡಿಶಿಲೆಯಾದರೆ ಉಂಗುರದೊಳಗೆ ಬಿಗಿಯಾಗಿ ಕೂರಿಸಿ ನೀರು ಹಾಕಿ, ಎಷ್ಟು ಬಲದಿಂದ ಉಬ್ಬುತ್ತದೆ ಅಂತ ಅಳೆ. ಕಲ್ಲಿನ ಒಳಗನ್ನು ಮುಟ್ಟದೆಯೇ ತಿಳಿಯಲು ಶಬ್ದದ ಅಲೆ ಹಾಯಿಸುವ ಯಂತ್ರವಿದೆ. ಬಿರುಕು ಬಿಟ್ಟ ಕಲ್ಲಿನಲ್ಲಿ ಅಲೆ ನಿಧಾನವಾಗುತ್ತದೆ. ಇಷ್ಟೆಲ್ಲ ಸಿಕ್ಕ ಮೇಲೆ ಕಂಪ್ಯೂಟರ್ ಮಾದರಿ. ನಿನ್ನ ಕಾಲದವರು ಅದರಿಂದಲೇ ಶುರು ಮಾಡುತ್ತೀರಿ, ಅದು ನನಗೆ ಹಿಡಿಸುವುದಿಲ್ಲ. ಮಾದರಿಗೆ ಸಮಾಧಿ ಕೆತ್ತಿದ ಕ್ರಮವನ್ನು ತೋರಿಸಬೇಕು, ನೆನೆದದ್ದನ್ನು, ಒಣಗಿದ್ದನ್ನು ತೋರಿಸಬೇಕು. ಪುಸ್ತಕದಿಂದ ಎತ್ತಿದ ಸಂಖ್ಯೆ ತುಂಬಿ ಬಣ್ಣಬಣ್ಣದ ಚಿತ್ರ ತೆಗೆದರೆ ಅದು ಆ ಕಂಬದ ಚಿತ್ರ ಆಗುವುದಿಲ್ಲ.

— ಮತ್ತೆ ಅತಿ ಮುಖ್ಯವಾದ ಅಳತೆ ಯಾವುದು?

— ಇವತ್ತಿನ ಬಿರುಕಿಗೂ ಮುಂದಿನ ವರ್ಷದ ಬಿರುಕಿಗೂ ಇರುವ ವ್ಯತ್ಯಾಸ. ಎದ್ದು ಹೋಗಿ ಪಡಸಾಲೆಯ ಮೂಲೆ ನೋಡು, ಬಿರುಕಿಗೆ ಅಡ್ಡವಾಗಿ ಒಂದು ಗಾಜಿನ ಪಟ್ಟಿ ಅಂಟಿಸಿದ್ದೇನೆ. ಎರಡೂ ತುದಿಗೆ ಗಾರೆ, ಪಕ್ಕದಲ್ಲಿ ತಾರೀಖು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಮೊದಲನೆಯದು ಒಂದೇ ಬೇಸಿಗೆಯಲ್ಲಿ ಒಡೆಯಿತು. ಬಚ್ಚಲ ನೀರು ಗೋಡೆಯ ಬುಡಕ್ಕೆ ಹೋಗುತ್ತಿತ್ತು, ಅದನ್ನು ತಿರುಗಿಸಿ ದೂರ ಬಿಟ್ಟೆ. ಎರಡನೆಯದು ಹನ್ನೊಂದು ವರ್ಷದಿಂದ ಹಾಗೇ ಇದೆ. ಬಿರುಕು ಇದೆ, ಆದರೆ ನಿಂತಿದೆ. ಈಗ ನೂರರಲ್ಲೊಂದು ಮಿಲಿಮೀಟರ್ ಅಳೆಯುವ ಉಪಕರಣಗಳಿವೆ, ತೇವ, ಉಷ್ಣತೆ ಗಂಟೆಗೊಮ್ಮೆ ತಾವೇ ಬರೆದುಕೊಳ್ಳುತ್ತವೆ. ವಿಚಾರ ಮಾತ್ರ ಅದೇ ಗಾಜಿನದು. ಕಡಿಮೆ ಅಂದರೂ ಒಂದು ಪೂರ್ತಿ ವರ್ಷ ನೋಡದೆ ಯಾವ ಕಂಬದ ಬಗ್ಗೆಯೂ ತೀರ್ಪು ಕೊಡಬೇಡ.

— ನನಗೆ ಕೊಟ್ಟಿರುವುದು ನಾಲ್ಕು ತಿಂಗಳು.

— ಹಾಗಾದರೆ ನಾಲ್ಕು ತಿಂಗಳಲ್ಲಿ ಏನು ಗೊತ್ತಾಯಿತೋ ಅಷ್ಟೇ ಬರೆ. ನೆಫರ್ತಾರಿ ರಾಣಿಯ ಸಮಾಧಿಯ ಕಥೆ ನಿನ್ನ ಪುಸ್ತಕದಲ್ಲಿ ಇರಬೇಕಲ್ಲ?

— ಇದೆ. 1904ರಲ್ಲಿ ಸ್ಕಿಯಾಪರೆಲ್ಲಿ ಪತ್ತೆ ಮಾಡಿದ್ದು. ಉಪ್ಪಿನಿಂದ ಹಾಳಾಗುತ್ತಿತ್ತು. ಸುಣ್ಣಕಲ್ಲಿನಲ್ಲಿ ಇರುವ ಅಡುಗೆ ಉಪ್ಪು ನೀರಿನಲ್ಲಿ ಕರಗಿ ಮೇಲ್ಮೈಗೆ ಬಂದು, ಒಣಗುವಾಗ ಹರಳುಗಟ್ಟಿ, ಗಾರೆಯನ್ನು ಹಿಂದಿನಿಂದ ತಳ್ಳುತ್ತಿತ್ತು. 1986ರಿಂದ 1992ರವರೆಗೆ ಗೆಟ್ಟಿ ಸಂಸ್ಥೆ ಮತ್ತು ಈಜಿಪ್ಟ್‌ನ ಪುರಾತತ್ವದವರು ಸೇರಿ ಕೆಲಸ ಮಾಡಿದರು. ಮೊದಲ ಹಂತವೆಲ್ಲ ಬರೀ ಪರೀಕ್ಷೆ, ಮತ್ತೆ ಉದುರುತ್ತಿದ್ದ ಕಡೆ ಕಾಗದದ ಪಟ್ಟಿ ಅಂಟಿಸಿ ಹಿಡಿದು ನಿಲ್ಲಿಸುವುದು.

— ಅದನ್ನೇ ಹೇಳಲು ಹೊರಟೆ. ಹಿಡಿದು ನಿಲ್ಲಿಸು, ನೋಡು, ಆಮೇಲೆ ಕೈ ಹಾಕು. ಸಿಮೆಂಟು ತುಂಬಿಬಿಟ್ಟಿದ್ದರೆ ಒಂದು ವಾರದ ಕೆಲಸ. ಆದರೆ ಸಿಮೆಂಟಿನ ಜೊತೆ ನೀರು ಹೋಗುತ್ತದೆ, ಉಪ್ಪೂ ಹೋಗುತ್ತದೆ, ಸುಣ್ಣಕಲ್ಲಿಗಿಂತ ಗಟ್ಟಿಯಾದ ಒಂದು ಹೆಂಟೆ ಒಳಗೆ ಕೂರುತ್ತದೆ. ಹತ್ತು ವರ್ಷಕ್ಕೆ ಪಕ್ಕದ ಕಲ್ಲು ಸೀಳುತ್ತದೆ. ಏನೇ ಆಧಾರ ಕೊಟ್ಟರೂ ನಾಳೆ ಬಿಚ್ಚಿ ತೆಗೆಯುವಂತಿರಬೇಕು.

— ಕೆ.ವಿ. 5ರ ಬಗ್ಗೆಯೂ ಕೇಳಬೇಕು ಅಂದುಕೊಂಡಿದ್ದೆ. ರಾಮ್ಸೆಸ್‌ನ ಮಕ್ಕಳದು. 1825ರಲ್ಲಿ ಜೇಮ್ಸ್ ಬರ್ಟನ್ ತೆವಳಿಕೊಂಡು ಒಳಗೆ ಹೋಗಿ ಬಂದಿದ್ದ. ಆಮೇಲೆ ಅದರ ಬಾಯಿಯೇ ಮರೆತುಹೋಯಿತು, ಮೇಲೆ ಕಾರ್ಟರ್ ಅಗೆದ ಮಣ್ಣೂ ಬಿತ್ತು. 1980ರ ದಶಕದಲ್ಲಿ ಕಣಿವೆಯ ರಸ್ತೆ ಅಗಲ ಮಾಡುವ ಮಾತು ಬಂದಾಗ ಕೆಂಟ್ ವೀಕ್ಸ್ ಅದನ್ನು ಮತ್ತೆ ಹುಡುಕಿದರು. 1995ರಲ್ಲಿ ಹಿಂದಿನ ಬಾಗಿಲು ತೆರೆದುಕೊಂಡಿತು, ನೂರಕ್ಕೂ ಹೆಚ್ಚು ಕೋಣೆಗಳು.

— ಹದಿನಾರು ಕಂಬದ ಹಜಾರವೂ ಇದೆ. ಚಾವಣಿಯವರೆಗೂ ನೆರೆಯ ಹೂಳು, ಸಿಮೆಂಟಿನಷ್ಟು ಗಟ್ಟಿ. ಅಲ್ಲಿನ ಕಷ್ಟ ನಿನಗೆ ಅರ್ಥವಾಗಬೇಕು. ಹೂಳು ತಂದ ನೀರು ಕಂಬಗಳನ್ನು ಕೆಡಿಸಿತು. ಆದರೆ ಅದೇ ಹೂಳು ಆ ಕೆಟ್ಟ ಕಂಬಗಳನ್ನು ಸುತ್ತಲಿಂದ ಅಪ್ಪಿ ಹಿಡಿದಿತ್ತು. ಹೂಳು ತೆಗೆಯದಿದ್ದರೆ ಇತಿಹಾಸ ಸಿಗದು, ತೆಗೆದರೆ ಕಂಬಕ್ಕೆ ಆಸರೆ ಇಲ್ಲ. ಅಲ್ಲಿ ಅಗೆಯುವ ಪುರಾತತ್ವದವನೂ ಆಧಾರ ಕೊಡುವ ಎಂಜಿನಿಯರನೂ ಒಂದೇ ದಿನ ಒಳಗೆ ಹೋಗಬೇಕು. ಅಗೆತ ಮುಗಿದ ಮೇಲೆ ಎಂಜಿನಿಯರನನ್ನು ಕರೆಸಿದರೆ ಅವನಿಗೆ ಉಳಿಯುವುದು ಬಿದ್ದ ಕಲ್ಲಿನ ಲೆಕ್ಕ ಬರೆಯುವ ಕೆಲಸ.

— ಅಕ್ಕಪಕ್ಕದ ಸಮಾಧಿಗಳು ಒಂದಕ್ಕೊಂದು ಇಷ್ಟು ಹತ್ತಿರ ಇದ್ದರೆ ಅದೂ ಅಪಾಯವೇ? ಮೂರನೇ ರಾಮ್ಸೆಸ್‌ನ ಸಮಾಧಿ ಕೆತ್ತುವಾಗ ಪಕ್ಕದ ಹಳೆಯದೊಂದಕ್ಕೆ ತೂತು ಬಿದ್ದು, ಅಲ್ಲಿಂದ ದಿಕ್ಕು ಬದಲಿಸಿದ್ದಾರೆ. ಒಳಗೆ ನಡೆಯುವಾಗ ಆ ತಿರುವು ಗೊತ್ತಾಗುತ್ತದೆ.

— ಅಪಾಯವೇ. ನಡುವಿನ ತೆಳು ಗೋಡೆಗೆ ಎರಡೂ ಕಡೆಯ ಹೊರೆ. ಒಂದರ ಲೆಕ್ಕ ಹಾಕುವಾಗ ಇನ್ನೊಂದನ್ನೂ ಹಾಕಲೇಬೇಕು. ಅಲೆಕ್ಸಾಂಡ್ರಿಯಾ ಕಡೆ ಹೋದರೆ ತೊಂದರೆಯೇ ಬೇರೆ.

— ಕೋಮ್ ಎಲ್ ಶೊಕಾಫಾದ ನೆಲದಡಿಯ ಸಮಾಧಿಗಳು. ಅಲ್ಲಿಗೂ ಹೋಗಿದ್ದೆ. 1900ರಲ್ಲಿ ಕತ್ತೆಯೊಂದು ಗುಂಡಿಗೆ ಬಿದ್ದು ಪತ್ತೆಯಾಯಿತಂತೆ. ಮೂರು ಅಂತಸ್ತು, ಕೆಳಗಿನದು ಬಹಳ ಕಾಲ ನೀರಿನಲ್ಲೇ ಇತ್ತು. 2019ರಲ್ಲಿ ಅಂತರ್ಜಲ ಇಳಿಸುವ ಯೋಜನೆ ಮುಗಿಸಿದರು.

— ಅಲ್ಲಿ ಮರಳು ಸುಣ್ಣ ಸೇರಿದ ಮೆತ್ತನೆ ಕಲ್ಲು, ಕೆಳಗಿನಿಂದ ಏರುವ ನೀರು, ಮೇಲೆ ಊರು. ನೀರು ಇಳಿಸಿದ್ದು ಸರಿಯೇ. ಆದರೆ ಎಷ್ಟು ಬೇಗ ಇಳಿಸಿದರು ಎಂಬುದೂ ಮುಖ್ಯ. ನೆನೆದು ಅಭ್ಯಾಸವಾದ ಕಲ್ಲನ್ನು ಒಮ್ಮೆಲೇ ಒಣಗಿಸಿದರೆ ಉಪ್ಪೆಲ್ಲ ಹೊರಗೆ ಓಡಿ ಬರುತ್ತದೆ. ಜೇಡಿ ಇದ್ದರೆ ಕುಗ್ಗುತ್ತದೆ.

— ಇದು ನನಗೆ ಹೊಸದು ಕಾಕಾ. ನಾನು ಇಷ್ಟು ಹೊತ್ತು ನೀರೇ ಶತ್ರು, ಒಣಗಿದ್ದರೆ ಕ್ಷೇಮ ಅಂದುಕೊಂಡಿದ್ದೆ.

— ಬೇಸಿಗೆಯ ಹೊಲ ನೆನಪಿಸಿಕೋ. ನೀನು ಬಿದ್ದದ್ದು ಮಳೆಗಾಲದಲ್ಲಲ್ಲ.

— ಹೌದಲ್ಲ! ಹಾಗಾದರೆ ಸೇಟಿಯ ಸಮಾಧಿಯಲ್ಲೂ ಹಾಗೇ ಆಗಿರಬಹುದು. ಹೂತ ಕೋಣೆಯ ನೆಲದಿಂದ ಒಂದು ಸುರಂಗ ಕೆಳಗೆ ಹೋಗುತ್ತದೆ. ಅದರ ಕೊನೆಯಲ್ಲಿ ನಿಧಿ ಇದೆ, ನಿಜವಾದ ಸಮಾಧಿ ಇದೆ ಅಂತ ಜನ ನಂಬಿದ್ದರು. 1960ರ ಸುಮಾರಿಗೆ ಸ್ಥಳೀಯರೊಬ್ಬರು ನೂರಾರು ಅಡಿ ಅಗೆಸಿದರು. ಆ ಅಗೆತದ ನಂತರ ಗೋಡೆ, ಕಂಬಗಳಲ್ಲಿ ಬಿರುಕುಗಳು ಹೆಚ್ಚಿದವು ಅಂತ ಓದಿದ್ದೆ, ಕಾರಣ ಮಾತ್ರ ತಿಳಿದಿರಲಿಲ್ಲ. ಸುತ್ತಲಿನ ಕಲ್ಲಿನ ತೇವ ಇಳಿಯಿತು ಎಂದು ಅಲ್ಲಿ ಬರೆದಿತ್ತು.

— ಕಾರಣ ಅದೇ. ಸುರಂಗ ಹೋಗುವುದು ಜೇಡಿಶಿಲೆಯಲ್ಲಿ. ಅಷ್ಟು ಕಾಲ ಮುಚ್ಚಿದ್ದ ಜೇಡಿಗೆ ಗಾಳಿ ತಗುಲಿತು, ಒಣಗಿ ಕುಗ್ಗಿತು, ಮೇಲೆ ಕೂತ ಕೋಣೆಯ ಬುಡ ಸಡಿಲವಾಯಿತು. ಪೂರ್ತಿ ಅಗೆದರೇ?

— 2007ರ ನಂತರ ಜಾಹಿ ಹವಾಸ್ ಅವರ ತಂಡ ಕೊನೆ ಮುಟ್ಟಿಸಿತು. 174 ಮೀಟರ್. ಕೊನೆಯಲ್ಲಿ ಕೋಣೆ ಇರಲಿಲ್ಲ. ಕೆತ್ತುತ್ತಾ ಕೆತ್ತುತ್ತಾ ಅಲ್ಲಿಗೇ ಬಿಟ್ಟಿದ್ದರು.

— ನೀನು ಆ ಸುರಂಗದ ಬಾಯಿ ನೋಡಿದೆಯಾ?

— ನೋಡಿದೆ, ಒಳಗೆ ಬಿಡಲಿಲ್ಲ. ಹತ್ತಿರ ಒಂದು ನಿಮಿಷ ನಿಂತಿದ್ದೆ.

— ಅದಕ್ಕೆ ಗಾಳಿ ಆಡದಂಥ ಬಾಗಿಲು ಇತ್ತೋ, ಬರೀ ಸರಳು ಹಾಕಿದ್ದರೋ?

— ಅದನ್ನು ಗಮನಿಸಲಿಲ್ಲ ಕಾಕಾ.

— ನೆನಪು ಮಾಡಿಕೋ. ಅಲ್ಲಿ ನಿಂತಾಗ ಕಾಲಿಗೆ ಗಾಳಿ ತಾಗುತ್ತಿತ್ತಾ?